ಡ್ರೈವರ್ ಸೈಡ್, ಕ್ಲೀನರ್ ಸೈಡ್

ಕಳೆದ ತಿಂಗಳು ಹಾವೇರಿಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಬ್ರೇಕ್ ಆಯಿಲ್ ಡಬ್ಬಿ ಉರುಳಿ ಚೆಲ್ಲಿತು. ಅಂಗಡಿಯವನು ಗೊಣಗುತ್ತ ಒರೆಸಿದ. ಮೀನೆಣ್ಣೆಗೂ ಔಷಧಕ್ಕೂ ನಡುವಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ರಾಣೇಬೆನ್ನೂರಿನ ಗ್ಯಾರೇಜ್ ಮಿಸ್ತ್ರಿ ನೆನಪಾದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ನಾನು ಮಣ್ಣಿಗೂ ಹೋಗಿರಲಿಲ್ಲ.

ನನ್ನದು ಮಾವನವರಿಂದ ಬಂದ ಅಂಬಾಸಿಡರ್ ಕಾರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ ಮಾವ ಅದನ್ನು ಅಳಿಯನಿಗಿಂತ ಹೆಚ್ಚು ಆದರದಿಂದ ನೋಡಿಕೊಂಡಿದ್ದರು. ಅವರ ಕಾಲದಿಂದಲೂ ಅದರ ರೋಗರುಜಿನಕ್ಕೆಲ್ಲ ಇದೇ ಮಿಸ್ತ್ರಿ. ಬ್ಯಾಡಗಿಯ ಇನ್ನೂ ನಾಲ್ಕಾರು ವ್ಯಾಪಾರಸ್ಥರ ಹಳೆಯ ಕಾರುಗಳು ಅವರ ಕೈಯಲ್ಲಿದ್ದವು. ಅವರದೊಂದು ಪದ್ಧತಿ ಇತ್ತು. ಬ್ರೇಕಿನ ಕೆಲಸ ಮುಗಿದರೆ, ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕುಪ್ಪೇಲೂರಿನವರೆಗೆ ಹೋಗಿ ಬರುವುದು. ಆಮೇಲೇ ಮಾಲೀಕರಿಗೆ ಕೀಲಿ.

"ನಮ್ಮಾಕಿ ಕುಂತು ಬಂದ್ಲಂದ್ರ ನಿಮ್ಮ ಮನ್ಯಾವ್ರೂ ಕುಂಡ್ರಬಹುದ್ರಿ" ಎನ್ನುತ್ತಿದ್ದರು. ಆಕೆಯೂ ಅದಕ್ಕೆಂದು ಒಳ್ಳೆಯ ಸೀರೆ ಉಟ್ಟು ಬರುತ್ತಿದ್ದರು.

ಏಳು ವರ್ಷದ ಹಿಂದೆ, ಮುಂದಿನ ಚಕ್ರಗಳ ಡ್ರಮ್ ಬ್ರೇಕ್ ತೆಗೆಸಿ ಡಿಸ್ಕ್ ಹಾಕಿಸುವ ಹುಚ್ಚು ನನಗೆ ಹಿಡಿಯಿತು. ಮೊಬೈಲಿನಲ್ಲಿ ಯಾರದೋ ವಿಡಿಯೋ ನೋಡಿದ್ದೆ. "ಡ್ರಮ್ಮಿಗೆ ಏನಾಗೇತ್ರಿ ಸರ್? ಚಲೋನ ಹಿಡಿತೈತಲ್ಲ" ಎಂದರು ಮಿಸ್ತ್ರಿ. ನಾನು ಕೇಳಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು; ಇನ್ನೊಬ್ಬರದನ್ನು ಕೇಳುವ ಅಭ್ಯಾಸ ಕಡಿಮೆ.

ಸಾಮಾನು ಬಂತು. ತಿರುಗುವ ತಟ್ಟೆಯನ್ನು ಎರಡೂ ಬದಿಯಿಂದ ಅದುಮಿ ನಿಲ್ಲಿಸುವ ಕ್ಯಾಲಿಪರ್‌ಗಳು ಎರಡು. ಒಂದರ ಮೇಲೆ ಇಂಗ್ಲಿಷಿನಲ್ಲಿ ಎಲ್, ಇನ್ನೊಂದರ ಮೇಲೆ ಆರ್. ಮಿಸ್ತ್ರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಎಡ ಬಲ ಎಂಬ ಮಾತೂ ಅವರ ಗ್ಯಾರೇಜಿನಲ್ಲಿರಲಿಲ್ಲ. ಡ್ರೈವರ್ ಸೈಡ್, ಕ್ಲೀನರ್ ಸೈಡ್, ಅಷ್ಟೇ. ಎರಡನ್ನೂ ತಿರುವಿ ನೋಡಿ ಒಂದನ್ನು ಡ್ರೈವರ್ ಸೈಡಿಗೆ ಹಿಡಿದರು. ಬಾನೆಟ್ಟಿನ ಎದುರು ನಿಂತಿದ್ದ ನಾನು ತಡೆದೆ.

"ಅದಲ್ರೀ, ಎಲ್ ಅಂದ್ರ ಎಡಕ್ಕ. ಡ್ರೈವರ್ ಸೈಡಿಗೆ ಇದು."

ಡ್ರೈವರ್ ಸೈಡ್ ಎಡಕ್ಕಿದ್ದದ್ದು ಕಾರಿಗೆ ಮುಖ ಮಾಡಿ ನಿಂತ ನನಗೆ. ಕಾರಿಗೆ ಅದು ಬಲ. ಅಷ್ಟು ಹೊಳೆಯಲಿಲ್ಲ. "ಓದಿದಾವ್ರು ನೀವು" ಎಂದು ಮಿಸ್ತ್ರಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ನಾನು ಕೊಟ್ಟದ್ದನ್ನೇ ಕೂರಿಸಿದರು.

ಬ್ರೇಕು ಹಿಡಿಯಲೇ ಇಲ್ಲ. ಪೆಡಲ್ ಕೆಸರಿನಲ್ಲಿ ಕಾಲಿಟ್ಟ ಹಾಗೆ ಮೆತ್ತಗೆ ಇಳಿಯುತ್ತಿತ್ತು. ನಾಲ್ಕು ಸಲ ತುಳಿದರೆ ಅಷ್ಟಿಷ್ಟು ಹಿಡಿಯುತ್ತಿತ್ತು. ಆಯಿಲಿನಲ್ಲಿ ಗಾಳಿ ಸೇರಿದೆ ಎಂದು ನಾನು ಪೆಡಲ್ ತುಳಿಯುವುದು, ಅವರು ಕ್ಯಾಲಿಪರಿನ ನಿಪ್ಪಲ್ ಸಡಿಲಿಸಿ ಗಾಳಿ ಬಿಡುವುದು... ಮೂರು ದಿನ ಇದೇ ಕವಾಯತು. ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರನ್ನೂ ಬದಲಾಯಿಸಿದರು. ನಾಲ್ಕನೆಯ ದಿನ ಹೆಂಡತಿ ಸೀರೆ ಉಟ್ಟು ಬಂದರೆ, ಬೇಡವೆಂದು ಮನೆಗೆ ಕಳಿಸಿ ಒಬ್ಬರೇ ಹೊರಟರು. ಹಾಗೆ ಕಳಿಸಿದ್ದು ಅದೇ ಮೊದಲು. ಕುಪ್ಪೇಲೂರಿನ ದಾರಿಯಲ್ಲಿ ಚೀಲ ಹೇರಿದ ಟ್ರ್ಯಾಕ್ಟರಿನ ಹಿಂದೆ ಹ್ಯಾಂಡ್ ಬ್ರೇಕ್ ಎಳೆದು ಗೇಣು ಅಂತರದಲ್ಲಿ ನಿಲ್ಲಿಸಿದರಂತೆ.

ವಾಪಸು ಬಂದು ಚಕ್ರ ಬಿಚ್ಚಿ, ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಬೆರಳಾಡಿಸಿದರು.

"ನಿಪ್ಪಲ್ ಕೆಳಗ ಐತ್ರಿ ಸರ್. ಗಾಳಿ ಮ್ಯಾಲ ಕುಂತಿರತೈತಿ, ನಾವು ಕೆಳಗ ಬಿಡಾಕತ್ತೇವಿ."

ಕ್ಯಾಲಿಪರ್ ಎರಡೂ ಅದಲುಬದಲಾಗಿದ್ದವು. ಸರಿಯಾದ ಬದಿಗೆ ಹಾಕಿದರೆ ನಿಪ್ಪಲ್ ಮೇಲೆ ಬರುತ್ತದೆ. ಗಾಳಿಯ ಗುಳ್ಳೆ ಮೇಲಕ್ಕೇರುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದವನು ನಾನು. ಸಂಜೆಯೊಳಗೆ ಪೆಡಲ್ ಕಲ್ಲಿನಂತೆ ನಿಂತಿತು. ಹೆಂಡತಿಯನ್ನು ಕರೆಸಿ, ಕೂರಿಸಿಕೊಂಡು ಹೋಗಿ ಬಂದು ಕೀಲಿ ಕೊಟ್ಟರು.

ತಮ್ಮ ಕಾರು ರಿಪೇರಿಗೆ ಬಿಡಲು ಬಂದಿದ್ದ ಬ್ಯಾಡಗಿಯ ವ್ಯಾಪಾರಿಯೊಬ್ಬರು ಏನಾಗಿತ್ತೆಂದು ಕೇಳಿದರು. "ನನ್ನ ಕೈ ತಪ್ಪಿತ್ರಿ" ಎಂದರು ಮಿಸ್ತ್ರಿ. ನನ್ನ ಮರ್ಯಾದೆ ಉಳಿಸಿದರು ಅಂದುಕೊಂಡು ನಾನು ಸುಮ್ಮನಾದೆ. ಆ ವ್ಯಾಪಾರಿ ಕಾರು ಬಿಡದೆ ಹೋದರು. ಮಿಸ್ತ್ರಿಗೆ ವಯಸ್ಸಾಯಿತು ಎಂಬ ಮಾತು ಮೆಣಸಿನಕಾಯಿ ಪೇಟೆಯಲ್ಲಿ ಹಬ್ಬಿತು. ಒಂದೊಂದಾಗಿ ಕಾರುಗಳು ಬೇರೆ ಕಡೆ ಹೋದವು. ಮದುವೆಯೊಂದರಲ್ಲಿ ಆ ಮಾತು ನನ್ನ ಪಂಕ್ತಿಯಲ್ಲೇ ಬಂತು. ನಾನು ಹೋಳಿಗೆ ತಿನ್ನುತ್ತಿದ್ದೆ, ತಿನ್ನುತ್ತಲೇ ಇದ್ದೆ. ವರ್ಷದೊಳಗೆ ಗ್ಯಾರೇಜು ಮುಚ್ಚಿತು.

ಈಗ, ಆ ಅಂಗಡಿಯಿಂದ ಹೊರಟವನು ಮನೆಗೆ ಹೋಗದೆ ರಾಣೇಬೆನ್ನೂರಿಗೆ ಹೋದೆ. ಮಿಸ್ತ್ರಿಯ ಹೆಂಡತಿ ಚಹಾ ಕೊಟ್ಟು, ತಾವಾಗಿಯೇ ಆ ಬ್ರೇಕಿನ ಮಾತು ತೆಗೆದರು.

"'ಸರ್ ಬರೋಬ್ಬರಿನ ಓದಿ ಹೇಳಿದ್ರು, ನಾನ ಹಾಕುಮುಂದ ಅದಲಾಬದಲಿ ಮಾಡಿದ್ನಿ, ಇನ್ನ ಈ ಕಣ್ಣು ನಂಬಂಗಿಲ್ಲ' ಅಂತಿದ್ರು ನಮ್ಮಾವ್ರು. ಆಮ್ಯಾಲೆ ಬ್ರೇಕಿನ ಕೆಲಸಕ್ಕ ಪಾನಾ ಮುಟ್ಟಲೇ ಇಲ್ರಿ."

ಕೈ ತಪ್ಪಿತು ಎಂದು ಅವರು ಹೇಳಿದ್ದನ್ನು ಇಷ್ಟು ವರ್ಷ ಅವರ ದೊಡ್ಡತನ ಎಂದೇ ತಿಳಿದಿದ್ದೆ. ಅವರು ನನ್ನನ್ನು ನಂಬಿದ್ದರು, ಅಷ್ಟೇ. ಹೇಳಿಬಿಟ್ಟೆ: ಅವರ ಕಣ್ಣು ಸರಿಯಾಗಿತ್ತು, ಮೊದಲು ಹಿಡಿದದ್ದೇ ಸರಿ ಇತ್ತು, ತಪ್ಪಿದ್ದು ನಾನು. ಹೇಳುವಾಗ ನಾಚಿಕೆಯಾಯಿತು. ಆಕೆ ಬೈಯಲಿಲ್ಲ. ಸೆರಗಿನ ತುದಿ ತಿರುವುತ್ತ ಕೂತಿದ್ದರು.

"ಅವ್ರು ಇದ್ದಾಗ ಇದನ್ನ ಒಂದ ಮಾತು ಅಂದಿದ್ರ ಆಗ್ತಿತ್ತಲ್ರೀ ಸರ್..."

ಆಗುತ್ತಿತ್ತು. ಆಮೇಲೆ ಅವರಿದ್ದ ಐದು ವರ್ಷವೂ, ರಾಣೇಬೆನ್ನೂರಿಗೆ ಹೋದಾಗಲೆಲ್ಲ ಅವರ ಓಣಿಯ ಮುಂದೆಯೇ ಅದೇ ಕಾರಿನಲ್ಲಿ ಓಡಾಡಿದ್ದೇನೆ. ಒಮ್ಮೆಯೂ ನಿಲ್ಲಿಸಲಿಲ್ಲ.