ಅಣವೀರಪ್ಪನ ಸಿಫಾರಸು

ಕಮಲಾಪುರದ ಅಣವೀರಪ್ಪನಿಗೆ ಹೊಟ್ಟೆಬಟ್ಟೆಗೆ ಕಡಿಮೆ ಇರಲಿಲ್ಲ. ಬಾವಿ ನೀರಿನ ತೋಟವಿತ್ತು, ತೋಟದ ತುಂಬ ಕೆಂಪು ಬಾಳೆ ಇತ್ತು, ಮನೆಯಲ್ಲಿ ಗಟ್ಟಿಗಿತ್ತಿ ತಾಯಿ ಇದ್ದಳು. ಹೆಂಡತಿಯೂ ಇದ್ದಳು, ಆದರೆ ಕಲಬುರ್ಗಿಯಲ್ಲಿ, ಅವರಪ್ಪನ ಮನೆಯಲ್ಲಿ. ಮದುವೆಯ ಮಾತುಕತೆಯಲ್ಲಿ ಯಾರೋ ಹಿರಿಯರು ‘ಹುಡುಗ ಶಹರದಾಗ ಕಲ್ತಾನ, ಇವತ್ತಿಲ್ಲ ನಾಳೆ ನಿಜಾಮ ಸರಕಾರದ ನೌಕರಿ ಸಿಕ್ಕೇ ಸಿಗ್ತದ’ ಎಂದು ಬಾಯಿ ಬಿಟ್ಟಿದ್ದರು. ಮಾವ ಸಾಯಬಣ್ಣ ತೊಗರಿ ವ್ಯಾಪಾರಿ. ಮಾತನ್ನೂ ತೂಗಿ ಕಟ್ಟಿಟ್ಟುಕೊಳ್ಳುವ ಮನುಷ್ಯ. ಪಂಚಮಿ ಹಬ್ಬಕ್ಕೆಂದು ಮಗಳನ್ನು ಕರೆದೊಯ್ದವನು ಮರಳಿ ಕಳಿಸಲೇ ಇಲ್ಲ.

“ನೌಕರಿ ಹುಕುಂ ಕೈಯಾಗ ಹಿಡಕೊಂಡು ಬರ್ರಿ ಅಳಿಯಂದಿರ, ಅವತ್ತೇ ಗಾಡಿ ಕಟ್ಟಿಸ್ತೀನಿ,” ಎಂದ.

ಅಣವೀರಪ್ಪನಿಗೆ ನೌಕರಿಯ ಹುಚ್ಚೇನೂ ಇರಲಿಲ್ಲ. ಚಂದಮ್ಮನ ಹುಚ್ಚಿತ್ತು. ಅವಳು ಹೋದ ಮೇಲೆ ತೋಟಕ್ಕೆ ಹೋದರೆ ತೋಟ ಬೇಡ, ಉಣ್ಣಲು ಕುಳಿತರೆ ರೊಟ್ಟಿ ಬೇಡ. ಆದರೆ ಮಾವನ ಎದುರು ನಿಂತು ‘ನನ್ನ ಹೆಂಡತಿಯನ್ನು ಕಳಿಸು’ ಎನ್ನುವ ಬಾಯಿ ಅವನಿಗಿರಲಿಲ್ಲ. ಆ ಬಾಯಿ ಕಟ್ಟಿಹೋಗಿದ್ದು ಕಲಬುರ್ಗಿಯ ಉರ್ದು ಶಾಲೆಯಲ್ಲಿ. ಅಲ್ಲಿಯ ಉಸ್ತಾದರು ಪಾಠ ಎಷ್ಟು ಕಲಿಸಿದರೋ, ಅದಬು, ಅಂದರೆ ದೊಡ್ಡವರ ಮುಂದೆ ನಡೆದುಕೊಳ್ಳುವ ರೀತಿ ಮರ್ಯಾದೆ, ಮಾತ್ರ ಬೆತ್ತ ಮುರಿಯುವವರೆಗೆ ಕಲಿಸಿದ್ದರು. ತನಗೆ ಬೇಕಾದ್ದನ್ನು ತಾನೇ ಕೇಳುವವನು ಭಿಕಾರಿ, ಮರ್ಯಾದಸ್ಥನಿಗಾಗಿ ಬೇರೆಯವರು ಕೇಳುತ್ತಾರೆ, ಎಂಬುದು ಅವರ ಪಾಠಗಳಲ್ಲೆಲ್ಲ ದೊಡ್ಡ ಪಾಠ. ಬಾಯಾರಿದ ಹುಡುಗ ನೀರು ಬೇಕೆಂದು ಬಾಯಿ ಬಿಡುವಂತಿರಲಿಲ್ಲ. ಪಕ್ಕದವನು ಎದ್ದು ‘ಹುಜೂರ್, ಇವನಿಗೆ ನೀರಡಿಕೆ ಆಗ್ಯಾದ’ ಎನ್ನಬೇಕಿತ್ತು. ಹೀಗೆ ಒಬ್ಬರ ನೀರಡಿಕೆ ಇನ್ನೊಬ್ಬರು ಹೇಳಿಕೊಂಡು ಬೆಳೆದ ಹುಡುಗರು ಈಗ ಕಲಬುರ್ಗಿಯ ತುಂಬ ಒಂದೊಂದು ಕುರ್ಚಿ ಹಿಡಿದು ಕುಳಿತಿದ್ದರು.

ಅಣವೀರಪ್ಪ ಒಂದು ಗೊನೆ ಕೆಂಪು ಬಾಳೆ ಹೇರಿಕೊಂಡು ಮೊದಲು ಹೋದದ್ದು ಚಾಂದಪಾಶಾನ ಮನೆಗೆ. ಚಾಂದಪಾಶಾ ಅವನ ಪಕ್ಕದಲ್ಲೇ ಕುಳಿತು ಕಲಿತವನು, ಈಗ ಕಚೇರಿಯಲ್ಲಿ ನಕಲು ಬರೆಯುವವನು. ಊರೊಳಗಿನ ಜಗತ್ ಎಂಬ ಮೊಹಲ್ಲಾದ ಕಡೆಯ ಒಂದು ದಫ್ತರಿನಲ್ಲಿ ಗುಮಾಸ್ತನ ಜಾಗ ಖಾಲಿ ಇರುವುದು ಅವನಿಗೆ ಗೊತ್ತಿತ್ತು.

“ನೀ ಮಾತ್ರ ಅಲ್ಲಿ ಹೋಗಿ ಬಾಯಿ ತೆರಿಬ್ಯಾಡ ಯಾರ್,” ಎಂದ ಚಾಂದಪಾಶಾ, ಹಣ್ಣು ಸುಲಿಯುತ್ತ. “ಉಸ್ತಾದರ ಹೆಸರು ಹಾಳಾಗ್ತದ. ನಾವೆಲ್ಲ ಎದಕ್ಕ ಇದ್ದೀವಿ? ಒಬ್ಬೊಬ್ಬರಾ ಹೋಗಿ ಸಾಹೇಬರ ಕಿವಿಗಿ ಹಾಕ್ತೀವಿ.”

ಮರುದಿನದಿಂದ ಇಬ್ಬರೂ ಹಳೆಯ ಸಹಪಾಠಿಗಳ ಮನೆ ಮನೆ ಸುತ್ತಿದರು. ಬಾಳೆಹಣ್ಣನ್ನು ಎಲ್ಲರೂ ಗುರುತಿಸಿದರು, ಅಣವೀರಪ್ಪನನ್ನು ಗುರುತಿಸಲು ಮಾತ್ರ ಕೆಲವರಿಗೆ ಕಷ್ಟವಾಯಿತು. ವಕೀಲ ಅಲ್ಲಾವುದ್ದೀನ್ ಕನ್ನಡಕ ಏರಿಸಿ ಇಳಿಸಿ ನೋಡಿದ, ತಲೆ ಅಲ್ಲಾಡಿಸಿದ. ಚಾಂದಪಾಶಾ ಗೆಳೆಯನಿಗೆ ಕಣ್ಣು ಸನ್ನೆ ಮಾಡಿದ. ಬೇರೆ ದಾರಿ ಕಾಣದೆ ಅಣವೀರಪ್ಪ ವಕೀಲರ ಅಂಗಳದಲ್ಲಿ, ಕಕ್ಷಿದಾರರೆಲ್ಲ ನೋಡುತ್ತಿರುವಂತೆ, ರುಮಾಲು ತೆಗೆದಿಟ್ಟು ಬಗ್ಗಿ, ಮೊಣಕಾಲ ಹಿಂದಿನಿಂದ ಕೈ ತೂರಿಸಿ, ಎರಡೂ ಕಿವಿ ಹಿಡಿದು ಮುರ್ಗಾ ನಿಂತ. ಶಾಲೆಯಲ್ಲಿ ಈ ಶಿಕ್ಷೆಯಲ್ಲಿ ಅವನಷ್ಟು ದಿನ ಕಳೆದವರು ಯಾರೂ ಇರಲಿಲ್ಲ.

“ಅರೇ, ನಮ್ಮ ಅಣವೀರ!” ವಕೀಲ ಜಿಗಿದೆದ್ದ. “ಮೊದಲೇ ಹಿಂಗ ನಿಂತಿದ್ರ ಯಾಕ ಮರೀತಿದ್ದೆ?”

ಅಲ್ಲಿಂದ ಮುಂದೆ ಅಣವೀರಪ್ಪ ಹೆಸರು ಹೇಳುವ ಗೊಡವೆಗೇ ಹೋಗಲಿಲ್ಲ. ಬಾಗಿಲು ತೆರೆದ ಕೂಡಲೇ ಬಗ್ಗುತ್ತಿದ್ದ.

ಸಹಪಾಠಿಗಳು ಮಾತಿಗೆ ತಪ್ಪುವವರಲ್ಲ. ವಕೀಲ ದಫ್ತರಿಗೆ ಹೋಗಿ ‘ಅಣವೀರಪ್ಪ ಎಂಥಾ ಮನುಷ್ಯಾ ಅಂತೀರಿ’ ಎಂದು ಬಂದ. ಹಕೀಮ ಹೋದ, ಸ್ಟೇಷನ್ನಿನ ಬಾಬು ಹೋದ, ಟಾಂಗಾಗಳ ಗುತ್ತೇದಾರ ಹೋದ. ಆದರೆ ಕುರ್ಚಿ ಹಿಡಿದ ಮೇಲೆ ಅವರ ಅದಬು ಇನ್ನಷ್ಟು ಬೆಳೆದಿತ್ತು. ಗೆಳೆಯನಿಗೆ ಕೊರತೆ ಇದೆ ಎಂದರೆ ಅವನ ಮಾನ ಹೋಗುತ್ತದೆಂದು, ಇವನಿಗೆ ಏನು ಬೇಕಾಗಿದೆ ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ಬರೀ ಹೊಗಳಿ ಎದ್ದು ಬಂದರು.

ದಫ್ತರಿನ ಸಾಹೇಬ ಮೊದಲೇ ಅಂಜುಬುರುಕ. ಊರಿನ ಹತ್ತು ಮಂದಿ ದೊಡ್ಡವರು ಒಂದೇ ಹೆಸರು ಹೇಳಿದ ಮೇಲೆ ಅವನ ನಿದ್ದೆ ಹಾರಿತು. ಇಷ್ಟು ದೊಡ್ಡ ಮನುಷ್ಯ ತನ್ನ ದಫ್ತರಿನ ಸುತ್ತ ಯಾಕೆ ಸುಳಿಯುತ್ತಿದ್ದಾನೆ? ಹೈದರಾಬಾದಿನವರು ತನ್ನ ಮೇಲೆ ಕಣ್ಣಿಡಲು ಕಳಿಸಿರಬೇಕು! ಜವಾನನನ್ನು ಅಟ್ಟಿ ಅಣವೀರಪ್ಪನನ್ನು ಕರೆಸಿದ. ತಾನೇ ಎದ್ದು ಕುರ್ಚಿ ಕೊಟ್ಟ, ಪಾನು ಕೊಟ್ಟ, ಅತ್ತರು ಹಚ್ಚಿದ. ಅಣವೀರಪ್ಪ ನೌಕರಿಯ ಸುದ್ದಿ ಸಾಹೇಬರೇ ಎತ್ತಲಿ ಎಂದು ಕಾದ. ಸಾಹೇಬ ತನಿಖೆಯ ಸುದ್ದಿ ಇವನೇ ಎತ್ತಲಿ ಎಂದು ಕಾದ. ಹೀಗೆ ಇಬ್ಬರೂ ಮಧ್ಯಾಹ್ನದ ತನಕ ಒಬ್ಬರ ಆರೋಗ್ಯ ಒಬ್ಬರು ವಿಚಾರಿಸಿದರು. ಕೊನೆಗೆ ಸಾಹೇಬನೇ ಸೋತ.

“ಹುಜೂರ್, ನನ್ನನ್ನ ದೂರ ಎಲ್ಲೋ ವರ್ಗಾ ಮಾಡ್ಲಾಕತ್ತಾರ. ತಾವು ಒಂದು ಮಾತು ಹೇಳಿದ್ರ…”

ಅಣವೀರಪ್ಪನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. “ಹೇಳೋಣಂತ್ರಿ,” ಎಂದು ಬಂದುಬಿಟ್ಟ. ಯಾರಿಗೆ ಹೇಳಬೇಕೆಂದು ಅವನಿಗೇ ತಿಳಿಯದೆ ಯಾರಿಗೂ ಹೇಳಲಿಲ್ಲ. ವರ್ಗಾವಣೆ ತನ್ನಷ್ಟಕ್ಕೆ ತಾನೇ ನಿಂತುಹೋಯಿತು.

ಅಲ್ಲಿಗೆ ಮುಗಿಯಿತು! ಅಣವೀರಪ್ಪ ಹೇಳಿದರೆ ಹೈದರಾಬಾದಿನಲ್ಲಿ ಎಲೆ ಅಲುಗುತ್ತದೆ ಎಂದು ಜಿಲ್ಲೆಯಲ್ಲೆಲ್ಲ ಸುದ್ದಿ ಹಬ್ಬಿತು. ಕಮಲಾಪುರದ ಅವನ ಮನೆಯ ಕಟ್ಟೆ ಬೆಳಗಾಗುವುದರೊಳಗೆ ತುಂಬತೊಡಗಿತು. ಮಗನಿಗೆ ಜವಾನಿಕೆ ಬೇಕೆನ್ನುವವರು, ತಮ್ಮನನ್ನು ಪೊಲೀಸಿಗೆ ಹಾಕಿಸಿರಿ ಎನ್ನುವವರು ಎಲ್ಲರೂ ಬಂದರು. ಅವನು ಚಾಂದಪಾಶಾನಿಗೆ ಹೇಳಿ ಕಳಿಸುತ್ತಿದ್ದ, ಚಾಂದಪಾಶಾ ಉಳಿದವರಿಗೆ ಮುಟ್ಟಿಸುತ್ತಿದ್ದ. ಕಂಡವರ ಮಕ್ಕಳಿಗಾಗಿ ಕೇಳಲು ಯಾರಿಗೂ ಅದಬು ಅಡ್ಡ ಬರುತ್ತಿರಲಿಲ್ಲ, ಅವರಿಗೆಲ್ಲ ನೌಕರಿ ಸಿಗುತ್ತಿತ್ತು. ತಾಯಿ ರೊಟ್ಟಿ ಬಡಿಯುತ್ತ “ಊರಿಗಿ ಉಪಕಾರಿ, ಮನಿಗಿ ಮಾರಿ” ಎಂದು ಗೊಣಗುತ್ತಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಒಂದು ದಿನ ಕಟ್ಟೆಯ ಮುಂದೆ ಸಾಯಬಣ್ಣನ ಗಾಡಿಯೇ ಬಂದು ನಿಂತಿತು. ಅಣವೀರಪ್ಪ ದಡಬಡಿಸಿ ಎದ್ದ. ಚಂದಮ್ಮ ಇಳಿಯುತ್ತಾಳೆಂದು ನೋಡಿದರೆ ಇಳಿದವನು ಅವಳ ತಮ್ಮ ದೇವೀಂದ್ರಪ್ಪ, ಅವನ ಹಿಂದೆ ಮಾವ.

“ಆ ಜಗತ್ ಕಡಿ ದಫ್ತರದಾಗ ಗುಮಾಸ್ತನ ಜಾಗ ಇನ್ನೂ ಹಂಗೇ ಅದ ಅಂತ,” ಎಂದ ಮಾವ. “ನಮ್ಮ ಹುಡುಗಗ ಕೊಡಸ್ರಿ. ನಿಮ್ಮ ಮಾತು ಯಾರು ತೆಗೆದು ಹಾಕ್ತಾರ?”

ಅದು ತನ್ನ ಜಾಗ, ತನ್ನ ಹೆಂಡತಿ ಮರಳಿ ಬರುವ ದಾರಿ ಎಂಬ ಮಾತು ಅಣವೀರಪ್ಪನ ಗಂಟಲವರೆಗೆ ಬಂತು. ಅದಬು ಅಡ್ಡ ಬಂತು. ದೇವೀಂದ್ರಪ್ಪನಿಗೆ ಹುಕುಂ ಸಿಕ್ಕಿತು. ಸಾಯಬಣ್ಣ ಊರಿಗೆಲ್ಲ ಸಕ್ಕರೆ ಹಂಚಿದ, ಅಳಿಯನಿಗೂ ಒಂದು ಹಿಡಿ ಕೊಟ್ಟು, “ಇನ್ನ ನಿಮ್ಮದು ಯಾವಾಗ?” ಎಂದು ಕೇಳಿದ. ಕುಹಕವಿಲ್ಲ, ನಿಜವಾಗಿಯೇ ಕೇಳಿದ. ಅಣವೀರಪ್ಪ ಅವತ್ತು ತೋಟದ ಬಾವಿಯ ಹತ್ತಿರ ಕುಳಿತು ಅತ್ತ.

ಗೆಳೆಯನ ಸಂಕಟ ನೋಡಲಾರದೆ ಚಾಂದಪಾಶಾ ಉಳಿದವರನ್ನು ಕೂಡಿಸಿಕೊಂಡು ಸಾಯಬಣ್ಣನ ಮನೆಗೇ ಹೋದ. ವಕೀಲ, ಹಕೀಮ, ಬಾಬು, ಗುತ್ತೇದಾರ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕುಳಿತು ಅಣವೀರಪ್ಪನನ್ನು ಹೊಗಳಿದರು, ಚಹಾ ಕುಡಿದರು, ವಿಷಯ ಎತ್ತದೆ ಎದ್ದು ಬಂದರು.

ಅದರ ಮರುದಿನ ಮುಂಜಾನೆ, ಕಟ್ಟೆ ತುಂಬ ಜನ ಕುಳಿತಿದ್ದಾಗ, ಬಾಡಿಗೆ ಗಾಡಿಯೊಂದು ಬಂತು. ಗಂಟುಮೂಟೆಯ ನಡುವೆ ಚಂದಮ್ಮ ಒಬ್ಬಳೇ ಕುಳಿತಿದ್ದಳು. ಅಣವೀರಪ್ಪ ಓಡಿಹೋಗಿ ನೊಗದ ಹತ್ತಿರ ನಿಂತ. ಅವಳು ಇಳಿಯಲಿಲ್ಲ.

“ಊರ ಮಂದಿನೆಲ್ಲ ಕಳಿಸಿದ್ರಿ,” ಎಂದಳು. “ವಕೀಲರು ಬಂದ್ರು, ಹಕೀಮರು ಬಂದ್ರು. ನೀವ್ಯಾಕ ಬರಲಿಲ್ಲ? ಬಾಗಿಲ ಹಿಂದ ನಿಂತು ದಿನಾ ದಾರಿ ನೋಡಿನ್ರಿ ನಾ. ನನಗ ನಿಮ್ಮ ನೌಕರಿ ಬ್ಯಾಡ, ಸಿಫಾರಸೂ ಬ್ಯಾಡ. ನಾ ಬೇಕೋ ಬ್ಯಾಡೋ, ಅದೊಂದು ಹೇಳ್ರಿ. ಇಲ್ಲಂದ್ರ ಗಾಡಿ ತಿರುಗಿಸ್ತೀನಿ.”

ಅಣವೀರಪ್ಪ ಆ ಕಡೆ ಈ ಕಡೆ ನೋಡಿದ. ಕಲಬುರ್ಗಿಯಿಂದ ಬಂದಿದ್ದ ಚಾಂದಪಾಶಾ ಕಟ್ಟೆಯಿಂದ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

“ಅಕ್ಕಾ, ನಮ್ಮ ಅಣವೀರ ಎಂಥಾ ಮನುಷ್ಯಾ ಅಂದ್ರ…”

“ನೀವು ಕೂಡ್ರಿ ಅಣ್ಣಾರ,” ಎಂದಳು ಚಂದಮ್ಮ. ಅವನು ಕುಳಿತ.

ಗಾಡಿಯವನು ಹಗ್ಗ ಎಳೆದ, ಎತ್ತುಗಳು ಅರ್ಧ ತಿರುಗಿದವು. ಹಳೆಯ ರೂಢಿಯಂತೆ ಅಣವೀರಪ್ಪನ ಕೈಗಳು ಕಿವಿಯ ಕಡೆಗೆ ಹೊರಟಿದ್ದವು, ಅವನ್ನು ಹಿಂದಕ್ಕೆ ಎಳೆದುಕೊಂಡು ಗಾಡಿಯ ಗೂಟ ಗಟ್ಟಿಯಾಗಿ ಹಿಡಿದ.

“ನನಗ ನೀ ಬೇಕು,” ಎಂದ. ದನಿ ಅವನಿಗೇ ಹೊಸದಾಗಿ ಕೇಳಿಸಿತು. “ಬೇಕು ಚಂದಮ್ಮ. ಇಳಿ.”

ಅವಳು ಸೆರಗು ಸರಿಮಾಡಿಕೊಂಡು ಇಳಿದಳು.