ಎಡಗಿವಿಯ ಗಿಟಾರ್

ನಮ್ಮ ಬಳಗದಲ್ಲಿ ಹಾರ್ಡ್ ರಾಕ್ ಕೇಳುವವರು ಇಬ್ಬರೇ. ಕಲಬುರಗಿಯ ಬ್ರಹ್ಮಪುರದಲ್ಲಿ ನಾನು, ಕಮಲಾಪುರದಲ್ಲಿ ನನ್ನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ಹೊಸದರಲ್ಲಿ ವೈನಿ ರೊಟ್ಟಿ ಬಡಿಯುತ್ತ ಗುನುಗುತ್ತಿದ್ದ ರಾಗ ಕೇಳಿ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಹಳೆಯ ಕಾಲದ ಒಬ್ಬ ಗಿಟಾರ್ ವಾದಕನ ಆಲ್ಬಮ್ಮಿನದು ಅದು. ನಾನು ಹಗಲೂ ರಾತ್ರಿ ಕೇಳುತ್ತಿದ್ದದ್ದೂ ಅದನ್ನೇ.

ಅದರ ಮೂರನೇ ಹಾಡಿನಲ್ಲಿ ಅವನು ಎರಡು ಗಿಟಾರ್ ನುಡಿಸಿದ್ದಾನೆ. ಬಲಗಿವಿಯದು ಜಗಳ ತೆಗೆಯುತ್ತದೆ. ಎಡಗಿವಿಯದು ಬಹಳ ಹೊತ್ತು ತಾಳಿಕೊಂಡಿದ್ದು, ಆಮೇಲೆ ಒಂದೇ ಏಟಿಗೆ ಅದರ ಬಾಯಿ ಮುಚ್ಚಿಸುತ್ತದೆ. ವೈನಿ ಅದಕ್ಕೆ ‘ಅತ್ತಿ-ಸೊಸಿ ಹಾಡು’ ಎಂದು ಹೆಸರಿಟ್ಟಿದ್ದರು; ಬಲಗಿವಿಯದು ಅತ್ತೆ, ಎಡಗಿವಿಯದು ಸೊಸೆ.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅವರ ಫೋನ್ ಬಂತು.

“ಏ, ನಮ್ಮ ಹಾಡಿನ್ಯಾಗ ಸೊಸಿ ಮಾತಾಡವಲ್ಲಳು ನೋಡು. ಯಾರರ ತಿದ್ದ್ಯಾರೇನು?”

ನಾನು ಹಾಕಿ ನೋಡಿದೆ. ಎರಡೂ ಗಿಟಾರ್ ಇದ್ದವು. “ನಿಮ್ಮ ಇಯರ್‌ಫೋನ್ ಕೆಟ್ಟಿರಬೇಕ್ರಿ ವೈನಿ. ಎಡಕಿಂದು ಬಲಕ್ಕ ಹಾಕ್ಕೊಂಡು ನೋಡ್ರಿ.”

ಸ್ವಲ್ಪ ಹೊತ್ತಿಗೆ ನಗುತ್ತಲೇ ಹೇಳಿದರು: “ಈಗ ಸೊಸಿ ಬಂದಳು. ಅತ್ತಿ ಹೋದಳು!”

ನನಗೆ ನಗು ಬರಲಿಲ್ಲ. ಇಯರ್‌ಫೋನ್ ಕೆಟ್ಟಿದ್ದರೆ ಬಲಗಿವಿಗೆ ಹಾಕಿದರೂ ಸೊಸೆ ಬರಬಾರದಿತ್ತು.

“ವೈನಿ, ಫೋನ್ ಎಡಗಿವಿಗಿ ಹಿಡೀರಿ” ಎಂದು ಹೇಳಿ, ಅವರ ಹೆಸರು ಹಿಡಿದು ಕರೆದೆ. ಉತ್ತರವಿಲ್ಲ. ಕೂಗಿದೆ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: “ನೀ ಏನರ ಅಂದೇನು?”

ಎದ್ದಾಗಿನಿಂದ ಕಿವಿ ಕಟ್ಟಿದಂತಿತ್ತಂತೆ, ಒಳಗೆ ಸಿಳ್ಳೆ ಹೊಡೆದಂತೆ ಸದ್ದು. ನೆಗಡಿ ಇರಬೇಕೆಂದು ನಮ್ಮ ಅವ್ವ ಎಣ್ಣೆ ಕಾಯಿಸಲು ಇಟ್ಟಿದ್ದಳು. ಎಣ್ಣೆ ಬಿಡಬೇಡಿ ಎಂದು ಹೇಳಿ ಅಣ್ಣನಿಗೆ ಫೋನ್ ಕೊಡಿಸಿದೆ.

“ಇವತ್ತ ಐತವಾರ, ಯಾವ ಡಾಕ್ಟರ್ ಸಿಗ್ತಾರ? ನಾಳಿಗಿ ಬರ್ತೀವಿ” ಎಂದ.

ನನ್ನ ಸಹೋದ್ಯೋಗಿಯೊಬ್ಬರು ಹೀಗೇ ನಾಳೆ ನಾಳೆ ಎಂದು ಒಂದು ಕಿವಿ ಕಳೆದುಕೊಂಡಿದ್ದರು. “ನಾಳಿ ಬ್ಯಾಡ ಅಣ್ಣಾ, ಈಗೇ ಹೊಂಡು!” ಎಂದು ಚೀರಿದೆ. “ಹೊಂಟೀವಿ” ಎಂದ ಅವನು.

ಊರೆಲ್ಲ ಫೋನ್ ಮಾಡಿ ಐವಾನ್-ಎ-ಶಾಹಿ ಕಡೆ ತೆರೆದಿದ್ದ ಒಂದು ಕಿವಿಯ ದವಾಖಾನೆ ಹುಡುಕಿ, ಹೋಗಿ ಗೇಟಿನಲ್ಲಿ ನಿಂತೆ. ಬಿಸಿಲು ಏರುತ್ತಿತ್ತು. ಒಳಗಿನ ರೋಗಿಗಳು ಒಬ್ಬೊಬ್ಬರಾಗಿ ಹೋಗಿ ಬೆಂಚು ಖಾಲಿಯಾಯಿತು. ಅಣ್ಣ ಫೋನ್ ಎತ್ತುತ್ತಿಲ್ಲ. ಡಾಕ್ಟರು ಕಾರಿನ ಚಾವಿ ಹಿಡಿದು ಹೊರಗೆ ಬಂದರು.

“ಎಲ್ಲಿ ಪೇಶಂಟು?”

“ಬರಾಕತ್ತಾರ್ರಿ ಸರ್, ಕಮಲಾಪುರದಿಂದ. ಮುಂಜಾನಿಂದ ಒಂದು ಕಿವಿ ಪೂರಾ ಕೇಳಸವಲ್ದು.”

ಅವರು ನನ್ನ ಮುಖ ನೋಡಿ, ತಿರುಗಿ ಒಳಗೆ ಹೋಗಿ ಕೂತರು.

ಕೊನೆಗೆ ಕಾರು ಬಂತು. ವೈನಿ ಇಳಿದಾಗ ನಾನು ಎಡಗಡೆಯಿಂದ ಕರೆದೆ. ಅವರು ತಿರುಗಲಿಲ್ಲ. ಅದನ್ನು ಅಣ್ಣನೂ ನೋಡಿದ.

ಪರೀಕ್ಷೆ ಮುಗಿಸಿ ಡಾಕ್ಟರು ಹೇಳಿದರು: “ಕಿವಿ ನರಕ್ಕ ತ್ರಾಸ ಆಗ್ಯಾದ. ಇವತ್ತೇ ಬಂದಿದ್ದು ಛಲೋ ಆತು. ಗುಳಗಿ ಶುರು ಮಾಡ್ತೀನಿ. ಆದ್ರ ಮರಳಿ ಬರ್ತದಂತ ಖಾತ್ರಿ ಕೊಡಾಕ ಆಗಂಗಿಲ್ಲ.”

ಚಿಕಿತ್ಸೆಗೆಂದು ವೈನಿ ನಮ್ಮ ಮನೆಯಲ್ಲೇ ಉಳಿದರು. ಗುಳಿಗೆಯಿಂದ ಮುಖ ಊದಿತು, ನಿದ್ದೆ ಹಾರಿತು. ಇಯರ್‌ಫೋನ್ ಮಾತ್ರ ಮುಟ್ಟಲಿಲ್ಲ. “ಕೇಳಿದ್ರ ಗೊತ್ತಾಗಿಬಿಡ್ತದ” ಎಂದರು. ನಾನೂ ಮನೆಯಲ್ಲಿ ಹಾಡು ಹಾಕುವುದನ್ನು ಬಿಟ್ಟೆ. ಇಬ್ಬರೂ ಹವಾಮಾನ, ಕಾಯಿಪಲ್ಯೆ ಎಂದು ಏನೇನೋ ಮಾತಾಡುತ್ತಿದ್ದೆವು.

ಒಂದು ಮುಂಜಾನೆ ಚಹಾ ತರುವಷ್ಟರಲ್ಲಿ ಅವರೇ ಇಯರ್‌ಫೋನನ್ನು ಎಡಗಿವಿಗೆ ಸಿಕ್ಕಿಸಿಕೊಂಡಿದ್ದರು. ಕಣ್ಣು ಮುಚ್ಚಿತ್ತು. ನಾನು ಕಪ್ಪು ಹಿಡಿದೇ ನಿಂತೆ.

“ಬಂದಳೇನ್ರಿ?”

“ಬಂದಾಳ,” ಎಂದರು. ಕಣ್ಣೀರು ಗಲ್ಲಕ್ಕೆ ಇಳಿಯಿತು. “ಆದ್ರ ಬಾಜೂ ಮನ್ಯಾಗ ಕುಂತು ಮಾತಾಡಿದಂಗ ಅದ.”

ಬರುಬರುತ್ತ ಆ ದನಿ ಹತ್ತಿರವಾಯಿತು. ಹಾಡಿನ ಕೊನೆಯಲ್ಲಿ ಎಡಗಿವಿಯ ಗಿಟಾರ್ ಒಮ್ಮೆ ತುದಿಗೆ ಏರಿ ಕಿರುಚುತ್ತದೆ. ಅಷ್ಟು ಮಾತ್ರ ಅವರಿಗೆ ಇನ್ನೂ ಕೇಳುವುದಿಲ್ಲ, ಇನ್ನು ಕೇಳಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು. ಮೊನ್ನೆ ಕಮಲಾಪುರದಲ್ಲಿ ಇಬ್ಬರೂ ಕೂತು ಕೇಳುವಾಗ, ಆ ಜಾಗ ಬರುತ್ತಲೇ ವೈನಿ ಬೆರಳೆತ್ತಿ “ಈಗ” ಎಂದರು. ಗಿಟಾರ್ ಸರಿಯಾಗಿ ಆಗಲೇ ಕಿರುಚಿತು.