ಅಣ್ಣನ ಎಡಗಾಲು

ಅರವತ್ತರ ದಶಕದ ನಡುವೆ ದಿಂಡಿಗಲ್ಲಿನ ನೂಲಿನ ಮಿಲ್ಲೊಂದು ನಮ್ಮಣ್ಣನನ್ನು ಸಂಬಳ ಕೊಟ್ಟು ಕರೆದುಕೊಂಡಿತು. ನೂಲು ತೆಗೆಯುವುದಕ್ಕಲ್ಲ, ಸಡುಗುಡು ಆಡುವುದಕ್ಕೆ. ನೀವು ಕಬಡ್ಡಿ ಅನ್ನುತ್ತೀರಲ್ಲ, ಅದೇ. ಒಂದು ವರ್ಷ ಚೆನ್ನಾಗಿ ಆಡಿದರೆ ಕೆಲಸ ಖಾಯಂ ಎಂದಿದ್ದರು.

ಓಡೈಪಟ್ಟಿ ಕಡೆಯ ನಮ್ಮೂರಲ್ಲಿ ತಂಡ ಕಟ್ಟಿದವನೇ ಅವನು. ಕಾಸಿಗೆ ಊರನ್ನೇ ಮಾರಿಕೊಂಡ ಎಂದು ಎಲ್ಲರಿಗಿಂತ ಹೆಚ್ಚು ಬಾಯಿ ಮಾಡಿದವನು ನಾನು. ಅವನ ಜಾಗದಲ್ಲಿ ನಾಯಕನಾದವನೂ ನಾನೇ. ಪೊಂಗಲ್ಲಿಗೆ ಅವನು ಮನೆಗೆ ಬಂದರೆ ನಾನು ಮುಖ ತಿರುಗಿಸಿಕೊಂಡು ಹೊಲಕ್ಕೆ ಹೋದೆ. ಎಂಥ ಕೊಬ್ಬು ನನಗೆ!

ನಮ್ಮ ತಂಡಕ್ಕೆ ಒಂದು ಅನುಕೂಲವಿತ್ತು. ತಲೆತಲಾಂತರದಿಂದ ತಮಿಳರ ನಡುವೆ ಇದ್ದರೂ ಮನೆಯೊಳಗೆ ನಮ್ಮದು ಕನ್ನಡ. ಯಾರು ಹಿಡಿಯಬೇಕು, ಯಾವ ಕಡೆಯಿಂದ ಬೀಳಬೇಕು ಎಂದು ಆಟದ ನಡುವೆ ಕನ್ನಡದಲ್ಲೇ ಕೂಗಿಕೊಳ್ಳುತ್ತಿದ್ದೆವು. ಎದುರಿನವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ನಾವು ಗೆದ್ದ ಆಟಗಳಲ್ಲಿ ಅರ್ಧ ಹಾಗೆ ಗೆದ್ದದ್ದು.

ಮರುವರ್ಷ ಆಂಡಿಪಟ್ಟಿಯ ಪಂದ್ಯದಲ್ಲಿ ಅದೇ ಮಿಲ್ಲು ನಮಗೆ ಎದುರಾಯಿತು. ಅಣ್ಣನ ಕೆಲಸ ಈ ಆಟದ ಮೇಲೆ ನಿಂತಿದೆ, ನೋಡಿಕೊಂಡು ಆಡು ಎಂದು ಅವ್ವ ಬೇಡಿಕೊಂಡಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಕಣಕ್ಕಿಳಿದವರೇ ರೂಢಿಯಂತೆ ಕನ್ನಡದಲ್ಲಿ ಕೂಗತೊಡಗಿದೆವು. ಆ ಕಡೆ ನಿಂತವನೊಬ್ಬನಿಗೆ ಎಲ್ಲ ತಿಳಿಯುತ್ತದೆ ಎಂಬುದು ನಮ್ಮಲ್ಲಿ ಒಬ್ಬನ ತಲೆಗೂ ಹೊಳೆಯಲಿಲ್ಲ. ಮಿಲ್ಲಿನವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು.

ಕೊನೆಗೆ ಅಣ್ಣ ಉಸಿರು ಬಿಗಿಹಿಡಿದು ನಮ್ಮ ಕಡೆ ನುಗ್ಗಿದ. ಹಳೆಯ ಏಟಿನಿಂದ ಅವನ ಎಡ ಮಂಡಿ ಸಡಿಲವಾಗಿತ್ತು. ಮಿಲ್ಲಿನವರಿಗೆ ಗೊತ್ತಾಗದಂತೆ ಮುಚ್ಚಿಟ್ಟಿದ್ದ, ನನಗೆ ಗೊತ್ತಿತ್ತು.

"ಎಡಗಾಲ್ ಹಿಡೀಡಾ, ಎಡಗಾಲ್" ಎಂದು ಕೂಗಿದೆ.

ಅವನು ಒಮ್ಮೆ ನನ್ನ ಮುಖ ನೋಡಿದ. ಅಷ್ಟರಲ್ಲಿ ಮೂವರು ಆ ಕಾಲಿನ ಮೇಲೆ ಬಿದ್ದಿದ್ದರು. ಮುರಿದ ಸದ್ದು ಸುತ್ತ ನಿಂತಿದ್ದ ಜನಕ್ಕೂ ಕೇಳಿಸಿತು. ಆಟ ನಾವು ಗೆದ್ದೆವು.

ತೇನಿಯ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಾಗ ನನಗೆ ಬುದ್ಧಿ ಬಂತು. ನಮ್ಮ ಕೂಗೆಲ್ಲ ಕೇಳುತ್ತಲೇ ಇದ್ದೆಯಲ್ಲ, ನಿನ್ನವರಿಗೆ ತಮಿಳಿನಲ್ಲಿ ಒಂದು ಮಾತು ಹೇಳಿದ್ದರೆ ಗೆಲ್ಲುತ್ತಿದ್ದೆಯಲ್ಲ ಎಂದು ಕೇಳಿದೆ. ಅವನು ಗೋಡೆ ನೋಡುತ್ತ ಮಲಗಿದ್ದ.

"ಅವ್ರು ಕಾಸು ಕೊಟ್ಟದ್ದು ಆಟಕ್ಕೆ ಡಾ, ತಂಬಿ. ನಮ್ಮನೆ ಮಾತ್ಗೆ ಅಲ್ಲ" ಎಂದ.

ನಾನು ಹೊರಗೆ ಬಂದು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತೆ. ಮಿಲ್ಲಿನವರು ಅವನನ್ನು ಆ ವಾರವೇ ತೆಗೆದುಹಾಕಿದರು. ಐದಾರು ತಿಂಗಳ ಮೇಲೆ, ಅಣ್ಣ ಎದ್ದು ಓಡಾಡುವಂತಾದಾಗ, ಅವರ ಮನುಷ್ಯ ಮತ್ತೆ ನಮ್ಮ ಮನೆಗೆ ಬಂದ. ಈ ಸಲ ಕರೆದದ್ದು ನನ್ನನ್ನು, ಸಂಬಳ ಅಣ್ಣನಿಗೆ ಕೊಟ್ಟಷ್ಟೇ. ನಾನು ಒಂದು ದಿನವೂ ಯೋಚಿಸದೆ ಒಪ್ಪಿಕೊಂಡೆ. ದಿಂಡಿಗಲ್ ಬಸ್ಸಿನವರೆಗೆ ನನ್ನ ಟ್ರಂಕನ್ನು ಅಣ್ಣನೇ ಹೊತ್ತು ತಂದ, ಕುಂಟುತ್ತ.